ಅಂಚೆ ಸಂಗ್ರಹ: ಮೈಸೂರು ಅಂಚೆಯ ಲಕೋಟೆಗಳೂ ವೃತ್ತಪತ್ರಿಕೆಯ ಚೀಟಿಗಳೂ

ಅಂಚೆ ಸಂಗ್ರಹವೆಂದರೆ ಬಣ್ಣಬಣ್ಣದ ಚೀಟಿಗಳನ್ನು ಪುಸ್ತಕದಲ್ಲಿ ಅಂಟಿಸಿಟ್ಟುಕೊಳ್ಳುವ ಬಾಲ್ಯದ ವಿನೋದವೆಂಬ ಭಾವನೆ ಜನರಲ್ಲಿ ರೂಢಮೂಲವಾಗಿದೆಯಾದರೂ, ಒಂದು ಕಾಗದವು ಎಲ್ಲಿಂದ ಹೊರಟು, ಯಾವ ಹಾದಿ ಹಿಡಿದು, ಎಷ್ಟು ಹಾಸಲು ತೆತ್ತು, ಯಾವ ದಿನ ಯಾರ ಕೈ ಸೇರಿತೆಂಬುದನ್ನು ಅದರ ಮೈಮೇಲಿನ ಗುರುತುಗಳಿಂದಲೇ ಓದಿ ತಿಳಿಯುವ ಒಂದು ಗಂಭೀರ ವಿದ್ಯೆಯೂ ಅದೇ ಹೆಸರಿನ ಆಶ್ರಯದಲ್ಲಿ ಬೆಳೆದುಬಂದಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯ ಹತ್ತೊಂಬತ್ತನೆಯ ಶತಮಾನವನ್ನು ಸಂಗ್ರಹಿಸಹೊರಟವನಿಗೆ ಈ ವಿದ್ಯೆಯ ಹೊರತು ಗತ್ಯಂತರವಿಲ್ಲ; ಏಕೆಂದರೆ ಆ ಶತಮಾನದ ಬಹುಭಾಗ ಆ ಸೀಮೆಯ ಟಪಾಲನ್ನು ಹೊತ್ತ ಮೈಸೂರು ಸಂಸ್ಥಾನದ ಅಂಚೆ ಇಲಾಖೆಯು, ಕಾಗದದ ಮೇಲೆ ಅಂಟಿಸುವ ಚೀಟಿಯನ್ನು ತನ್ನ ಆಯುಷ್ಯದಲ್ಲಿ ಎಂದೂ ಹೊರಡಿಸಲಿಲ್ಲ.

ಈ ಅಂಚೆಯ ಸ್ಥಾಪನೆಯನ್ನು ಚಿಕ್ಕದೇವರಾಜ ಒಡೆಯರ ಹೆಸರಿಗೆ ಸಲ್ಲಿಸಿ, 1672ರ ಸುಮಾರಿಗೆ ಇಡುವುದು ವಾಡಿಕೆ. ಶ್ರೀರಂಗಪಟ್ಟಣದಲ್ಲಿ ಕುಳಿತ ಅರಸನಿಗೆ ರಾಜ್ಯದ ಮೂಲೆಮೂಲೆಯ ವರ್ತಮಾನ ತಡವಿಲ್ಲದೆ ಮುಟ್ಟಬೇಕೆಂಬುದೇ ಅದರ ಮೊದಲ ಉದ್ದೇಶವಾಗಿತ್ತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದು ಈ ದೇಶದ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಬೆಳಕು ಕಂಡ ತಮ್ಮ ಗ್ರಂಥದ ಮೊದಲನೆಯ ಸಂಪುಟದಲ್ಲಿ, ಇಲ್ಲಿನ ಅಂಚೆ ಸುದ್ದಿಯನ್ನು ಸಾಗಿಸುವುದಕ್ಕಷ್ಟೇ ಅಲ್ಲದೆ ಸುದ್ದಿಯನ್ನು ಸಂಪಾದಿಸುವುದಕ್ಕೂ ಉಪಕರಣವಾಗಿದ್ದಿತೆಂದು ಹೇಳಿರುವರು. ಅಂಚೆಯವರು ಕಾಗದ ಹಂಚುವವರಾಗಿದ್ದಂತೆ ಅರಸನ ಕಣ್ಣುಕಿವಿಗಳೂ ಆಗಿದ್ದರು. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿಯೂ ನಿಲ್ಲದೆ ನಡೆದ ಈ ವ್ಯವಸ್ಥೆಯನ್ನು 1799ರ ತರುವಾಯ ದಿವಾನ್ ಪೂರ್ಣಯ್ಯನವರು ಉಳಿಸಿಕೊಂಡರು. 1831ರಿಂದ 1881ರವರೆಗಿನ ಕಮಿಷನರುಗಳ ಆಳ್ವಿಕೆಯೂ ಅದನ್ನು ಕಿತ್ತೊಗೆಯಲಿಲ್ಲ. ಕಡೆಗೆ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಲೀನವಾಯಿತು. ಇನ್ನೂರು ವರ್ಷಗಳಿಗೂ ಮೀರಿ ಒಂದೇ ಹೆಸರಿನಿಂದ ನಡೆದ ದೇಶೀಯ ಅಂಚೆಯೊಂದು, ತನ್ನದೇ ಚೀಟಿಯ ನೆನಪನ್ನು ಒಂದಿಷ್ಟೂ ಬಿಡದೆ ಹೋದದ್ದು ಸಂಗ್ರಾಹಕರ ಪಾಲಿಗೆ ನಷ್ಟವೆಂದು ಕೆಲವರು ಭಾವಿಸುವರು. ಅದೇ ಅದರ ದೊಡ್ಡ ಆಕರ್ಷಣೆಯೆಂಬುದು ಈ ಲೇಖಕನ ಅಭಿಪ್ರಾಯ.

ಚೀಟಿ ಇಲ್ಲದ ಅಂಚೆಯಲ್ಲಿ ಹಾಸಲು ನಗದಾಗಿ ಸಲ್ಲುತ್ತಿತ್ತು. ಸಂದ ಹಣಕ್ಕೂ, ಸಲ್ಲಬೇಕಾದ ಹಣಕ್ಕೂ, ಕಾಗದ ಹಾದ ಊರಿಗೂ ಸಾಕ್ಷಿಯಾಗಿ ಉಳಿಯುತ್ತಿದ್ದುದು ಕೈಬರಹದ ಗುರುತು ಮತ್ತು ಮಸಿಯಲ್ಲಿ ಅದ್ದಿ ಒತ್ತಿದ ಠಸ್ಸೆ ಮಾತ್ರ. ಆದುದರಿಂದ ಮೈಸೂರು ಅಂಚೆಯನ್ನು ಸಂಗ್ರಹಿಸುವವರು ಕತ್ತರಿಸಿದ ತುಣುಕುಗಳನ್ನು ಸಂಗ್ರಹಿಸಲಾರರು. ಮಡಿಕೆಯೂ ವಿಳಾಸವೂ ಒಕ್ಕಣೆಯೂ ಠಸ್ಸೆಯೂ ಕೂಡಿದ ಇಡೀ ಕಾಗದವೇ ಅವರಿಗೆ ಬೇಕು. ಬೇರೆ ದೇಶಗಳ ಸಂಗ್ರಾಹಕರು ಹತ್ತೊಂಬತ್ತನೆಯ ಶತಮಾನದಲ್ಲಿ ಲಕ್ಷಾಂತರ ಲಕೋಟೆಗಳಿಂದ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಲಕೋಟೆಗಳನ್ನು ಎಸೆದು, ಇತಿಹಾಸದ ಅರ್ಧಭಾಗವನ್ನು ಕಳೆದುಕೊಂಡ ಮೇಲೆ ಕಲಿತ ಪಾಠವನ್ನು, ಮೈಸೂರಿನ ಸಂಗ್ರಾಹಕನು ಮೊದಲ ದಿನವೇ ಕಲಿಯಬೇಕಾಗುತ್ತದೆ.

ಬೆಂಗಳೂರಿನಿಂದ ಶ್ರೀರಂಗಪಟ್ಟಣ, ಮೈಸೂರುಗಳಿಗೆ ಹೋಗುವ ಹೆದ್ದಾರಿಯ ಮೇಲಿರುವುದರಿಂದ ಮದ್ದೂರೂ ಮಂಡ್ಯವೂ ಈ ಚರಿತ್ರೆಯಲ್ಲಿ ಆಯಕಟ್ಟಿನ ಸ್ಥಳಗಳು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಪ್ರಯಾಣ ಮಾಡಿದ್ದೂ ಈ ದಾರಿಯಲ್ಲಿಯೇ. ರಾಜಧಾನಿಗಳ ನಡುವಣ ಟಪಾಲು ಶಿಂಷಾ ನದಿಯನ್ನು ಮದ್ದೂರಿನ ಬಳಿ ದಾಟುತ್ತಿತ್ತು. 1881–82ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಪೂರ್ಣಗೊಂಡಾಗ, ಕೋಲೂ ಗೆಜ್ಜೆಯೂ ಹಿಡಿದು ಓಡುವ ಹರಿಕಾರನ ಕೆಲಸ ಈ ಹೆದ್ದಾರಿಯಲ್ಲಿ ಕುಗ್ಗಿತು. ರೈಲು ಮುಟ್ಟದ ಮಳವಳ್ಳಿ ಮಾತ್ರ ರಸ್ತೆಯನ್ನೇ ನಂಬಿಕೊಂಡು ಉಳಿಯಿತು. ಇಂದಿಗೂ ಮಳವಳ್ಳಿ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಒಂದೇ ಸೀಮೆಯ ಎರಡು ಊರುಗಳ ಕಾಗದಗಳು ಒಂದೇ ದಶಕದಲ್ಲಿ ಎರಡು ಬಗೆಯಾಗಿ ಸಾಗಿದುದರ ಕುರುಹನ್ನು ಲಕೋಟೆಗಳಲ್ಲಿ ಹುಡುಕುವುದು ಸಂಗ್ರಾಹಕನಿಗೆ ಉತ್ತಮ ವ್ಯಾಸಂಗವಾಗಬಲ್ಲುದು.

ಹೊಸಬರು ಇಲ್ಲಿ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟದ್ದು 1939ರಲ್ಲಿ. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಕಾಗದಪತ್ರಗಳಲ್ಲಿ ಈ ಮೂರು ಊರುಗಳನ್ನು ಅಷ್ಟಗ್ರಾಮ ವಿಭಾಗದ ಮೈಸೂರು ಜಿಲ್ಲೆಯ ಅಡಿಯಲ್ಲಿ ಹುಡುಕತಕ್ಕದ್ದು. ಎರಡನೆಯದು, ಆಂಗ್ಲ ಅಧಿಕಾರಿಗಳು ಕಿವಿಗೆ ಬಿದ್ದಂತೆ ಹೆಸರುಗಳನ್ನು ಬರೆಯುತ್ತಿದ್ದುದರಿಂದ ಮಂಡ್ಯ ‘ಮುಂಡಿಯಂ’ ಆಗಿಯೂ, ಮದ್ದೂರು ‘ಮುದ್ದೂರ್’ ಆಗಿಯೂ, 1799ರ ಯುದ್ಧದಿಂದ ಅವರಿಗೆ ಪರಿಚಿತವಾಗಿದ್ದ ಮಳವಳ್ಳಿ ‘ಮಲ್ಲವೆಲ್ಲಿ’ ಆಗಿಯೂ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇನ್ನು ಇಂದಿನ ಪಾಂಡವಪುರ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆಯ ನೆಲೆಯಾಗಿದ್ದುದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಪಡೆದು, ಮುಂದೆ ಮದರಾಸು ಸೈನ್ಯದ ದಂಡಿನ ಠಾಣ್ಯವಾಯಿತು. ದಂಡು ಇದ್ದ ಕಡೆ ಬ್ರಿಟಿಷ್ ಟಪಾಲೂ ಇರುತ್ತಿತ್ತು. 1854ರ ಅಕ್ಟೋಬರಿನಿಂದ ಇಂಡಿಯಾ ದೇಶಕ್ಕೆಲ್ಲ ಅನ್ವಯವಾಗುವ ಚೀಟಿಗಳು ಬಂದ ಮೇಲೆ, ಒಂದೇ ಸೀಮೆಯೊಳಗೆ ರಾಣಿಯ ಚಿತ್ರದ ನೀಲಿ ಅರ್ಧಾಣೆ, ಕೆಂಪು ಒಂದಾಣೆಗಳ ಅಂಚೆಯೂ, ಚೀಟಿಯಿಲ್ಲದ ಮೈಸೂರು ಅಂಚೆಯೂ ಪಕ್ಕಪಕ್ಕದಲ್ಲಿ ನಡೆದವು. ಸಂಸ್ಥಾನದ ಎಲ್ಲೆ ದಾಟುವ ಕಾಗದ ಮೊದಲನೆಯದರ ಕೈಗೆ ಹೋಗಬೇಕಾಗಿತ್ತು. ಹೀಗೆ ಎರಡು ಅಂಚೆಗಳ ಗುರುತನ್ನೂ ಹೊತ್ತ ಲಕೋಟೆಯೇ ಈ ಕ್ಷೇತ್ರದ ಪರಮಾನ್ನ.

ಸಮಾಚಾರ ಪತ್ರಿಕೆಗಳ ಟಪಾಲಿನ ಚರಿತ್ರೆಯು ಇದಕ್ಕೆ ಹೊಂದಿಕೊಂಡೇ ಬರುವುದಾದರೂ, ಅಲ್ಲಿ ಉಳಿದಿರುವ ಸಾಮಗ್ರಿ ಇನ್ನೂ ವಿರಳ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಟಿತು. ಸಂಸ್ಥಾನದಲ್ಲಿ ‘ಮೈಸೂರು ವೃತ್ತಾಂತ ಬೋಧಿನಿ’ 1859ರಲ್ಲಿಯೂ, ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’ 1885ರಲ್ಲಿಯೂ ಬಂದವು. ಕಾಗದವನ್ನಾದರೋ ಜನ ಜೋಪಾನ ಮಾಡುವರು. ಪತ್ರಿಕೆಗೆ ಸುತ್ತಿದ ವಿಳಾಸದ ಪಟ್ಟಿಯನ್ನು ಹರಿದೇ ಪತ್ರಿಕೆ ಬಿಚ್ಚಬೇಕಾದ್ದರಿಂದ, ಆ ಪಟ್ಟಿಯೂ ಅದರ ಮೇಲಿದ್ದ ಗುರುತೂ ಓದುವ ಮೊದಲೇ ನಾಶವಾಗುತ್ತಿದ್ದವು. ಇದು ಜಗತ್ತಿನೆಲ್ಲೆಡೆಯ ಕಥೆ. ಆಸ್ಟ್ರಿಯಾ ದೇಶ 1851ರಲ್ಲಿ ಪತ್ರಿಕೆಗಳಿಗೆಂದೇ ಮರ್ಕ್ಯುರಿ ದೇವತೆಯ ಶಿರಸ್ಸುಳ್ಳ ಚೀಟಿಗಳನ್ನು ಹೊರಡಿಸಿ, 1856ರಲ್ಲಿ ಅದರ ಕೆಂಪು ಚೀಟಿಯನ್ನು ಬಳಕೆಗೆ ತಂದಿತು. ಆ ‘ಕೆಂಪು ಮರ್ಕ್ಯುರಿ’ ಇಂದು ಯೂರೋಪಿನ ಅತ್ಯಂತ ದುರ್ಲಭ ಚೀಟಿಗಳಲ್ಲೊಂದಾಗಿರುವುದಕ್ಕೆ ಹರಿದೆಸೆದ ಸುತ್ತುಪಟ್ಟಿಗಳೇ ಮುಖ್ಯ ಕಾರಣ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ವಿಷಯ ಬೇರೊಂದು ವಿಚಿತ್ರ ರೂಪ ತಾಳಿತು. ಅಲ್ಲಿ 1865ರಲ್ಲಿ ಹೊರಟ ಪತ್ರಿಕಾ ಚೀಟಿಗಳು ಮೂರು: ವಾಷಿಂಗ್ಟನ್ನರ ಚಿತ್ರದ 5 ಸೆಂಟು, ಫ್ರಾಂಕ್ಲಿನ್ನರ 10 ಸೆಂಟು, ಆ ವರ್ಷದ ಏಪ್ರಿಲಿನಲ್ಲಷ್ಟೇ ಹತರಾಗಿದ್ದ ಲಿಂಕನ್ನರ 25 ಸೆಂಟು. ಸುಮಾರು 51 ಮಿಲಿಮೀಟರ್ ಅಗಲ, 95 ಮಿಲಿಮೀಟರ್ ಉದ್ದದ ಈ ಚೀಟಿಗಳನ್ನು ಪತ್ರಿಕೆಯ ಕಟ್ಟುಗಳಿಗೇ ಅಂಟಿಸುತ್ತಿದ್ದರು. 1875ರ ಜನವರಿ 1ರಿಂದ ಪದ್ಧತಿ ಮಾರ್ಪಟ್ಟಿತು. ಪ್ರಕಾಶಕನು ತನ್ನ ಪತ್ರಿಕೆಗಳನ್ನು ಒಟ್ಟಾಗಿ ಅಂಚೆ ಕಛೇರಿಗೆ ತಂದು ತೂಗಿಸಿ, ಪೌಂಡಿಗೆ ಇಷ್ಟೆಂದು ಹಣ ಕೊಟ್ಟು ರಸೀದಿ ಪಡೆಯುವನು. ಆ ಹಣಕ್ಕೆ ಸರಿಯಾದ ಚೀಟಿಗಳನ್ನು ಪೋಸ್ಟ್ ಮಾಸ್ತರನು ರಸೀದಿ ಪುಸ್ತಕದ ಅಡಿಪ್ರತಿಗೆ ಅಂಟಿಸಿ ರದ್ದುಮಾಡುವನು. ಚೀಟಿ ಪತ್ರಿಕೆಯ ಮೈ ಮುಟ್ಟುವುದೂ ಇಲ್ಲ, ಕಛೇರಿಯ ಹೊಸ್ತಿಲು ದಾಟುವುದೂ ಇಲ್ಲ. 2 ಸೆಂಟಿನಿಂದ 60 ಡಾಲರಿನವರೆಗೆ ಇಪ್ಪತ್ತನಾಲ್ಕು ಬೆಲೆಗಳ ಆ ಮಾಲಿಕೆಯಲ್ಲಿ ಸ್ವಾತಂತ್ರ್ಯ ದೇವಿ, ನ್ಯಾಯದೇವತೆ, ಇತಿಹಾಸದ ಅಧಿದೇವತೆ ಕ್ಲಿಯೋ, ಧಾನ್ಯದೇವತೆ ಸೀರಿಸ್, ಕಡೆಯಲ್ಲಿ 60 ಡಾಲರಿನ ಮೇಲೆ ಮೂಲನಿವಾಸಿ ಕನ್ಯೆ ಇವರೆಲ್ಲರೂ ಉಕ್ಕಿನ ಫಲಕದ ಸೂಕ್ಷ್ಮ ರೇಖೆಗಳಲ್ಲಿ ಮೂಡಿದರು. ಸಾಮಾನ್ಯನ ಕಣ್ಣಿಗೆ ಎಂದೂ ಬೀಳದ ಲೆಕ್ಕಪತ್ರದ ಚೀಟಿಗೆ ಇಷ್ಟು ಶಿಲ್ಪವನ್ನು ವ್ಯಯಿಸಿದ ಸರ್ಕಾರದ ಔದಾರ್ಯ ಮೆಚ್ಚತಕ್ಕದ್ದು.

ಇಷ್ಟು ಹೆಚ್ಚಿನ ಬೆಲೆಯ ಚೀಟಿಗಳೇಕೆಂಬ ಪ್ರಶ್ನೆಗೆ ತೂಕವೇ ಉತ್ತರ. ವಾರಕ್ಕೊಮ್ಮೆಯಾದರೂ ಹೊರಡುವ ಪತ್ರಿಕೆಗೆ ಪೌಂಡಿಗೆ 2 ಸೆಂಟಿನ ದರವಿದ್ದಾಗ 60 ಡಾಲರಿನ ಒಂದು ಚೀಟಿ 3,000 ಪೌಂಡು ಪತ್ರಿಕೆಗಳಿಗೆ ಸಲ್ಲುತ್ತಿತ್ತು. 1885ರಲ್ಲಿ ದರ ಒಂದೇ ಸೆಂಟಿಗೆ ಇಳಿದ ಬಳಿಕ, 1895ರಲ್ಲಿ ಬಂದ 100 ಡಾಲರಿನ ಚೀಟಿ 10,000 ಪೌಂಡಿಗೆ, ಅಂದರೆ ಸುಮಾರು 4,500 ಕಿಲೋಗ್ರಾಂ ಪತ್ರಿಕೆಗಳಿಗೆ ಸಾಕಾಗುತ್ತಿತ್ತು. 1898ರ ಜುಲೈ 1ರಿಂದ ಈ ಚೀಟಿಗಳೇ ರದ್ದಾಗಿ, ಹಣ ನಗದಾಗಿ ಸಲ್ಲತೊಡಗಿತು. ಮರುವರ್ಷ ಅಲ್ಲಿನ ಅಂಚೆ ಇಲಾಖೆ, ಮುಖಬೆಲೆಯಲ್ಲಿ 187 ಡಾಲರ್ 93 ಸೆಂಟು ಆಗುವ ಹನ್ನೆರಡು ಚೀಟಿಗಳ ಒಂದೊಂದು ಕಂತೆಯನ್ನು 5 ಡಾಲರಿಗೆ ಸಂಗ್ರಾಹಕರಿಗೆ ಮಾರಿತು. ಸಾಲದೆ ಬಂದ ದೊಡ್ಡ ಬೆಲೆಯ ಚೀಟಿಗಳನ್ನು ಅದಕ್ಕಾಗಿಯೇ ಪುನಃ ಅಚ್ಚು ಹಾಕಿಸಿತು. ಮಾರಾಟವಾದ ಕಂತೆಗಳು 26,989. ಮೊದಲೇ ಚೀಟಿಗಳನ್ನು ಕಷ್ಟಪಟ್ಟು ಹೆಚ್ಚಿನ ಬೆಲೆಗೆ ಕೊಂಡಿದ್ದವರಿಗೆ ಇದು ಆಘಾತವಾಗಿರಲೇಬೇಕು. ಆ ಕಾರಣದಿಂದಲೇ ಇಂದು ಬಳಕೆಯಾಗದ 1895ರ ಚೀಟಿಗಳಿಗಿಂತ, ರಸೀದಿ ಪುಸ್ತಕಗಳ ನಾಶದಿಂದ ಹೇಗೋ ಪಾರಾದ ನಿಜವಾದ ಬಳಕೆಯ ಪ್ರತಿಗಳಿಗೂ, 1875ರ ಮಾಲಿಕೆಯ ಮೂಲ ಮುದ್ರಣಗಳಿಗೂ ಪರಿಣತರ ಮನ್ನಣೆ ಹೆಚ್ಚು.

ಅಮೆರಿಕದ ಆ ತೂಕದ ಪದ್ಧತಿಯ ಸಮೀಪದ ಬಂಧು ನಮ್ಮಲ್ಲಿಯೂ ಉಂಟು. ಭಾರತದ ಅಂಚೆಯಲ್ಲಿ ನೋಂದಾಯಿತ ಪತ್ರಿಕೆಗಳಿಗೆ ರಿಯಾಯಿತಿ ದರ ದೊರೆಯುವುದು. ಆ ನೋಂದಣಿಯ ಸಂಖ್ಯೆ ಪತ್ರಿಕೆಯ ಮೇಲೆಯೇ ಅಚ್ಚಾಗಿರುವುದು. ಮುಂಗಡ ಹಾಸಲು ಸಲ್ಲಿಸದೆ ಟಪಾಲಿಗೆ ಹಾಕುವ ಪರವಾನಗಿ ಪಡೆದ ಪತ್ರಿಕೆಯ ಮೇಲೆ ಚೀಟಿಯೇ ಇರುವುದಿಲ್ಲ. ಆದುದರಿಂದ ಹಳೆಯ ಕನ್ನಡ ಮಾಸಪತ್ರಿಕೆಯ ಮುಖಪುಟದಲ್ಲೋ ಹಿಂಬದಿಯಲ್ಲೋ ಸಣ್ಣ ಅಕ್ಷರದಲ್ಲಿರುವ ಆ ಒಂದು ಸಾಲು, ಸಂಗ್ರಾಹಕನ ಮಟ್ಟಿಗೆ ಚೀಟಿಗೆ ಸಮಾನವಾದ ದಾಖಲೆ. ರಟ್ಟು ಕಟ್ಟಿಸುವಾಗ ಮುಖಪುಟಗಳನ್ನು ಕಿತ್ತುಹಾಕುವ ಗ್ರಂಥಾಲಯಗಳು ಈ ದಾಖಲೆಯನ್ನೂ ಅದರೊಡನೆ ಕಿತ್ತುಹಾಕುತ್ತಿವೆಯೆಂಬುದು ವಿಷಾದದ ಸಂಗತಿ. 1899ರಲ್ಲಿ ಬಂದ ರಾಣಿಯ ಕಾಲದ 3 ಪೈ ಚೀಟಿಯಂಥ ಅಲ್ಪ ಬೆಲೆಯವು ಸುತ್ತುಪಟ್ಟಿಯ ಮೇಲೆಯೇ ಉಳಿದು ಸಿಕ್ಕಿದರೆ ಅವೂ ಸಂಗ್ರಹಯೋಗ್ಯ.

ಭಾರತದಲ್ಲಿ ಈ ವಿದ್ಯೆಗೆ ಸಂಸ್ಥೆಯ ರೂಪ ಬಂದುದು 1897ರಲ್ಲಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಸ್ಥಾಪಿತವಾದಾಗ. ಚೀಟಿ ಹೊರಡಿಸಿದ ದೇಶೀಯ ಸಂಸ್ಥಾನಗಳ ಮೇಲೆ ವಿದ್ವಾಂಸರ ಗಮನ ಹರಿಯಿತಾದರೂ, ಚೀಟಿಯೇ ಇಲ್ಲದ ಮೈಸೂರು ಬಹುಕಾಲ ಪಟ್ಟಿಗಳ ಹೊರಗೇ ಉಳಿಯಿತು. ಸಂಸ್ಥಾನವು ನ್ಯಾಯಾಲಯ ಮತ್ತು ರಸೀದಿಗಳಿಗಾಗಿ ಹೊರಡಿಸಿದ ಸ್ಟಾಂಪುಗಳೂ ಛಾಪಾಕಾಗದಗಳೂ ಮಾತ್ರ ಕಂದಾಯ ಸ್ಟಾಂಪಿನ ಸಂಗ್ರಾಹಕರನ್ನು ಆಕರ್ಷಿಸಿದವು. ಇಂದು ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಸದಸ್ಯರೂ, ಕರ್ನಾಟಕ ಅಂಚೆ ವೃತ್ತವು ನಡೆಸುವ ‘ಕರ್ನಾಪೆಕ್ಸ್’ ಪ್ರದರ್ಶನಗಳೂ ಅಂಚೆಯ ಇತಿಹಾಸಕ್ಕೆ ಸಲ್ಲಬೇಕಾದ ಸ್ಥಾನವನ್ನು ಕೊಡುತ್ತಿರುವುದು ಸಂತೋಷದ ವಿಷಯ.

ಮಂಡ್ಯ ಸೀಮೆಯ ಸಾಮಗ್ರಿ ಇರಬಹುದಾದ ಸ್ಥಳ ಅಂಗಡಿಗಳಿಗಿಂತ ಮನೆಗಳು. ಶಾನುಭೋಗಿಕೆ, ಪಟೇಲಿಕೆಗಳು ನಡೆದ ಮನೆತನಗಳ ಅಟ್ಟಗಳಲ್ಲಿ, ಬಟ್ಟೆಯಲ್ಲಿ ಕಟ್ಟಿದ ದಫ್ತರಗಳಲ್ಲಿ, ಕಡತಗಳ ನಡುವೆ, ಗೋಡೆಯ ಮೊಳೆಗೆ ತೂಗುಹಾಕಿದ ತಂತಿಗೆ ಪೋಣಿಸಿದ ಕಾಗದಗಳಲ್ಲಿ ಅಮಲ್ದಾರರ ಹುಕುಮುಗಳೂ ನೆಂಟರ ಪತ್ರಗಳೂ ಒಟ್ಟಿಗೆ ಸೇರಿರುತ್ತವೆ. ಇಂಥ ಕಾಗದದ ನಡುವೆ ತಂತಿ ಚುಚ್ಚಿದ ತೂತಿದ್ದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಆ ಕಾಗದ ಒಂದು ಮನೆಯಲ್ಲಿ ಬಾಳಿತೆಂಬುದಕ್ಕೆ ಅದೇ ಪ್ರಮಾಣ. ನಾಲೆಯ ನೀರಾವರಿ ಬಂದ ಮೇಲೆ ಈ ನೆಲದ ತೇವ ಹೆಚ್ಚಿತು. ಗೆದ್ದಲಿಗೂ ಬೂಷ್ಟಿಗೂ ಕಾಗದ ಬಲಿಯಾಗುವುದು ಸುಲಭ. ಗೋಂದಿನ ಪಟ್ಟಿ ಅಂಟಿಸುವುದಾಗಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಕಾಯಿಸಿ ಮುಚ್ಚುವುದಾಗಲಿ ಕಾಗದವನ್ನು ಕೆಡಿಸುವ ಉಪಾಯಗಳೇ ಸರಿ. ಆಮ್ಲವಿಲ್ಲದ ಕಾಗದದ ಮಡಿಕೆಯಲ್ಲಿ, ಗಾಳಿಯಾಡುವ ಒಣ ಸ್ಥಳದಲ್ಲಿ, ಬಿಡಿಸಿ ಚಪ್ಪಟೆಯಾಗಿ ಇಡುವುದು ಉತ್ತಮ. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಮೇರೆಗೆ ಚಾರಿತ್ರಿಕ ಮಹತ್ವದ ಹಸ್ತಪ್ರತಿ ಮತ್ತು ದಾಖಲೆಗಳು 75 ವರ್ಷ ಮೀರಿದರೆ ಪ್ರಾಚ್ಯವಸ್ತುಗಳೆನಿಸುವುದರಿಂದ, ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲವೆಂಬುದನ್ನೂ ಮಾರುವವರು, ಕೊಳ್ಳುವವರು ತಿಳಿದಿರಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಮಹಾಜನರಲ್ಲಿ ಮಾಡಿಕೊಳ್ಳತಕ್ಕ ವಿಜ್ಞಾಪನೆ ಇಷ್ಟೆ: ಹಳೆಯ ಮನೆ ಕೆಡವುವ ಮುನ್ನ ಅಟ್ಟದ ಕಾಗದವನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ, ಅದರಿಂದ ಚೀಟಿಯನ್ನು ಕತ್ತರಿಸಬೇಡಿ, ಠಸ್ಸೆಯನ್ನು ತೊಳೆಯಬೇಡಿ, ಕಟ್ಟನ್ನು ಕಟ್ಟಾಗಿಯೇ ಇಟ್ಟು, ಬಲ್ಲವರಿಗೆ ಅಥವಾ ಮೈಸೂರಿನಲ್ಲಿರುವ ರಾಜ್ಯ ಪತ್ರಾಗಾರದ ವಿಭಾಗೀಯ ಕಛೇರಿಗೆ ಒಮ್ಮೆ ತೋರಿಸಿ.