ಬಾಕಿ ಎಷ್ಟೈತಿ? ಮುಂಗಡದಿಂದ ಬಾಂಡ್‌ವರೆಗೆ ದುಡಿಮೆಯ ಕಟ್ಟು

ಇಳಕಲ್ಲಿನಲ್ಲಿ ಕೂಲಿ ನೇಕಾರನೊಬ್ಬ ಒಬ್ಬ ಮಾಲೀಕರ ನೂಲು ಬಿಟ್ಟು ಇನ್ನೊಬ್ಬರ ನೂಲು ಹಿಡಿಯಹೊರಟರೆ ಹೊಸಬರ ಮೊದಲ ಪ್ರಶ್ನೆ ‘ಬಾಕಿ ಎಷ್ಟೈತಿ?’ ಮದುವೆಗೆ, ಆಸ್ಪತ್ರೆಗೆ, ಮಳೆಗಾಲಕ್ಕೆ ಮುಂಚೆ ಮಾಡು ಸರಿಪಡಿಸಲು ಪಡೆದ ಮುಂಗಡ ಅದು. ಮಜೂರಿಯಲ್ಲಿ ಅಷ್ಟಿಷ್ಟು ಮುರಿಸಿದರೂ ತೀರುವುದಿಲ್ಲ. ಹೊಸಬರು ಹಳಬರಿಗೆ ಆ ಬಾಕಿ ಚುಕ್ತಾ ಮಾಡಿದರೆ ನೇಕಾರ ಒಂದು ವಹಿಯಿಂದ ಇನ್ನೊಂದು ವಹಿಗೆ ಹೋಗುತ್ತಾನೆ. ಸಾಲ ಅಷ್ಟೇ ಇರುತ್ತದೆ, ಮಾಲೀಕರ ಹೆಸರು ಬದಲಾಗುತ್ತದೆ.

ಕೆಲಸ ಬಿಟ್ಟವರು ಎದುರಾಳಿಯ ಬಳಿ ಸೇರಬಾರದೆಂಬ ಕರಾರನ್ನು ಬೆಂಗಳೂರಿನ ಕಂಪನಿಗಳು ‘ನಾನ್‌ಕಂಪೀಟ್’ ಎನ್ನುತ್ತವೆ. ಬಾಗಲಕೋಟೆ ಸೀಮೆಯಲ್ಲಿ ಅದು ಕಾಗದಕ್ಕೆ ಇಳಿಯುವ ಎಷ್ಟೋ ಮೊದಲು ಮುಂಗಡವಾಗಿ ಇತ್ತು. ಈ ಕಾನೂನಿನ ಬೆಳವಣಿಗೆ ಬರೆಯುವವರು ಕಾಗದವನ್ನಷ್ಟೇ ಹಿಂಬಾಲಿಸುತ್ತಾರೆ. ಮುಂಗಡವನ್ನು ಬಿಟ್ಟರೆ ಅರ್ಧ ಚರಿತ್ರೆಯೇ ಬಿಟ್ಟುಹೋಗುತ್ತದೆ.

ದುಡಿಯುವವರನ್ನು ಕಟ್ಟಿಹಾಕುವ ಬಗೆ ಹಿಂದೆ ಬೇರೆ ಇತ್ತು. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯನ್ನು ಇಂದು ವಿರೂಪಾಕ್ಷ ದೇವಾಲಯ ಎನ್ನುತ್ತೇವೆ. ಅಲ್ಲಿಯ ಶಾಸನ ಸೂತ್ರಧಾರಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದು ಸಂದದ್ದನ್ನು ಹೇಳುತ್ತದೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಓದಿದಂತೆ, ಈ ನಾಡಿನ ಕುಶಲಕರ್ಮಿಗಳ ಮೇಲೆ ಬಿದ್ದಿದ್ದ ಬಹಿಷ್ಕಾರವನ್ನು ತೆಗೆಸಿದ ಮಾತೂ ಅದರಲ್ಲಿದೆ. ಹುನಗುಂದ ತಾಲ್ಲೂಕಿನ ಐಹೊಳೆ ಹೆಸರು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಕೂಟಕ್ಕೂ ತನ್ನದೇ ಬಣಂಜುಧರ್ಮ ಇತ್ತು. ಕಸುಬಿನ ಕಟ್ಟಳೆ ಆಗ ಕೂಟದ ಕೈಯಲ್ಲಿತ್ತು. ನ್ಯಾಯಾಲಯ, ಜೈಲು ಆ ಕಟ್ಟಳೆಗೆ ಜೊತೆಯಾದದ್ದು ಬ್ರಿಟಿಷರ ಕಾಲದಲ್ಲಿ.

1859ರಲ್ಲಿ ‘ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆ’ ಬಂತು. ಮುಂಗಡ ಪಡೆದ ಕುಶಲಕರ್ಮಿ ಅಥವಾ ಕೂಲಿ ಕೆಲಸ ಬಿಟ್ಟರೆ ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದಿತ್ತು. ಹಣ ಮರಳಿಸು, ಇಲ್ಲವೇ ಕೆಲಸ ಮುಗಿಸು ಎಂಬ ಆಜ್ಞೆ ಆಗುತ್ತಿತ್ತು. ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಿವಿಲ್ ಸಾಲವೊಂದನ್ನು ಅಪರಾಧವಾಗಿಸಿದ ಈ ಕಾಯ್ದೆ 1925ರಲ್ಲಿ ರದ್ದಾಯಿತು. ಆದರೆ ‘ದುಡ್ಡು ತಗೊಂಡು ಹೋದ್ರ ಪೊಲೀಸರಿಗೆ ಹೇಳ್ತೀನಿ’ ಎಂಬ ಬೆದರಿಕೆ ನಮ್ಮಲ್ಲಿ ಇನ್ನೂ ಸತ್ತಿಲ್ಲ. ಕಾನೂನು ಹೋಗಿ ನೂರು ವರ್ಷವಾಯಿತು, ಅದರ ಅಂಜಿಕೆ ಮಾತ್ರ ಉಳಿದಿದೆ.

ಅದೇ ಸರ್ಕಾರ 1872ರಲ್ಲಿ ಭಾರತೀಯ ಕರಾರು ಕಾಯ್ದೆಯನ್ನೂ ತಂದಿತು. ಅದರ 27ನೆಯ ಕಲಂ ಪ್ರಕಾರ ಯಾರನ್ನೇ ಆಗಲಿ ಕಾನೂನುಬದ್ಧ ವೃತ್ತಿ, ವ್ಯಾಪಾರ, ಉದ್ಯೋಗ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ವ್ಯಾಪಾರದ ಹೆಸರು–ನಂಬಿಕೆಯನ್ನು ಮಾರಿದವರಿಗಷ್ಟೇ ವಿನಾಯಿತಿ. ಅಮೆರಿಕದ ಡೇವಿಡ್ ಡಡ್ಲಿ ಫೀಲ್ಡ್ ನ್ಯೂಯಾರ್ಕಿಗಾಗಿ ಬರೆದ ಕರಡಿನಿಂದ ಈ ಕಲಂ ಹುಟ್ಟಿತು. ಅದೇ ವರ್ಷ, ಅದೇ ಕರಡಿನಿಂದ ಕ್ಯಾಲಿಫೋರ್ನಿಯವೂ ತನ್ನ ಕಾನೂನು ಮಾಡಿಕೊಂಡಿತು. ಸಿಲಿಕಾನ್ ಕಣಿವೆಯ ಎಂಜಿನಿಯರು ಕಂಪನಿಯಿಂದ ಕಂಪನಿಗೆ ಸಲೀಸಾಗಿ ಹೋಗುವ ಸ್ವಾತಂತ್ರ್ಯ ಮತ್ತು ಇಳಕಲ್ಲಿನ ನೇಕಾರನಿಗೆ ಕಾಗದದ ಮೇಲೆ ಇರುವ ಸ್ವಾತಂತ್ರ್ಯ, ಎರಡಕ್ಕೂ ತಾಯಿಬೇರು ಒಂದೇ. ಅವನಿಗೆ ದಕ್ಕಿದ್ದು ಇವನಿಗೆ ದಕ್ಕಲಿಲ್ಲ.

ಈ ಕಲಮಿನ ಮೊದಲ ದೊಡ್ಡ ಪರೀಕ್ಷೆಯಲ್ಲೂ ಮುಂಗಡವೇ ಇತ್ತು ಎಂಬುದನ್ನು ಹಲವರು ಗಮನಿಸುವುದಿಲ್ಲ. 1874ರ ಕಲ್ಕತ್ತಾ ಪ್ರಕರಣದಲ್ಲಿ ಒಂದೇ ಓಣಿಯ ಇಬ್ಬರು ವ್ಯಾಪಾರಿಗಳು: ನೀನು ಅಂಗಡಿ ಮುಚ್ಚು, ನಿನ್ನ ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡವನ್ನು ನಾನು ತುಂಬಿಕೊಡುತ್ತೇನೆ ಎಂದು ಒಬ್ಬ ಇನ್ನೊಬ್ಬನಿಗೆ ಮಾತು ಕೊಟ್ಟ. ಅಂಗಡಿ ಮುಚ್ಚಿತು, ಹಣ ಬರಲಿಲ್ಲ. ಒಂದು ಓಣಿಯ ಮಟ್ಟಿಗಿನ ತಡೆಯೂ ತಡೆಯೇ ಎಂದು ಹೈಕೋರ್ಟು ಆ ಕರಾರನ್ನೇ ಅನೂರ್ಜಿತಗೊಳಿಸಿತು.

ಮುಂದಿನ ತೀರ್ಪುಗಳನ್ನು ಬೇಗ ದಾಟಬಹುದು. 1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಐದು ವರ್ಷದ ಕರಾರಿನ ನಡುವೆಯೇ ಎದುರಾಳಿ ಕಂಪನಿಗೆ ಹೋದ ನೌಕರನನ್ನು ಸುಪ್ರೀಂ ಕೋರ್ಟ್ ತಡೆಯಿತು. ಕರಾರಿನ ಅವಧಿಯೊಳಗಿನ ತಡೆ ಬೇರೆ, ಮುಗಿದ ಮೇಲಿನದು ಬೇರೆ ಎಂಬ ಗೆರೆ ಅಲ್ಲಿ ಬಿತ್ತು. 1980ರ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಲ್ಲಿ, ಕೆಲಸ ಬಿಟ್ಟ ಎರಡು ವರ್ಷ ಅದೇ ಕಸುಬು ಮಾಡಬಾರದೆಂಬ ಷರತ್ತನ್ನು ಜಾರಿಮಾಡಲು ಕೋರ್ಟು ಒಪ್ಪಲಿಲ್ಲ. ಗುಟ್ಟು ಕಂಪನಿಯದು, ಕೈಕಸುಬು ಕೆಲಸಗಾರನದು ಎಂಬ ತಿಳಿವೂ ಈ ಹಾದಿಯಲ್ಲಿ ಗಟ್ಟಿಯಾಯಿತು.

ಇಳಕಲ್ ಸೀರೆಗೆ ಈ ಕೊನೆಯ ಮಾತು ದೊಡ್ಡದು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ವಿದ್ಯೆ ಬೇರೆಡೆ ಸಿಗದು. ಟೋಪು ತೆನಿಯ ಸೆರಗು, ಗೋಮಿ, ಪರಾಸಪೇಟೆ, ಗಾಡಿ ದಡಿಗಳು ಯಾವ ಒಬ್ಬ ಮಾಲೀಕನ ಸ್ವತ್ತೂ ಅಲ್ಲ. ಸೀರೆಗೆ ಸಿಕ್ಕ ಭೌಗೋಳಿಕ ಗುರುತು ಊರಿನ ಹೆಸರನ್ನು ಕಾಯುತ್ತದೆ, ನೇಕಾರನನ್ನು ಯಾರಿಗೂ ಕಟ್ಟುವುದಿಲ್ಲ. ಮಾಲೀಕರೊಬ್ಬರು ಹಣ ಹಾಕಿ ಮಾಡಿಸಿದ ಹೊಸ ವಿನ್ಯಾಸ ಕದ್ದುಹೋದರೆ ಅದು ನಿಜವಾದ ನಷ್ಟ. ಅದಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಯ ದಾರಿ ಇದೆ. ಕೊಂಡಿ ಕಟ್ಟುವ ಬೆರಳುಗಳನ್ನು ತಡೆಯುವ ದಾರಿ ಮಾತ್ರ ಇಲ್ಲ.

ಆದರೂ ಆ ಬೆರಳುಗಳು ಕಟ್ಟಿಕೊಂಡೇ ಇವೆ. 27ನೆಯ ಕಲಂ ಹುಡುಕುವುದು ‘ಬೇರೆಡೆ ದುಡಿಯಬಾರದು’ ಎಂಬ ಷರತ್ತನ್ನು. ಮುಂಗಡದ ವಹಿಯಲ್ಲಿ ಅಂಥ ಸಾಲೇ ಇರುವುದಿಲ್ಲ, ಇರುವುದು ಹೆಬ್ಬೆಟ್ಟು ಮತ್ತು ಮೊತ್ತ. ಅದನ್ನು ಕಂಡದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಜೀತವೆಂದರೆ ಸಂಕಲೆಯಲ್ಲಿ ಹೊಲ ಉಳುವುದು ಎಂದುಕೊಂಡವರು ಅದರ ವ್ಯಾಖ್ಯೆಯನ್ನು ಓದಬೇಕು. ಮುಂಗಡದ ಬದಲಿಗೆ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಕಳೆದುಕೊಳ್ಳುವುದು, ದೇಶದಲ್ಲಿ ಓಡಾಡುವ ಹಕ್ಕು ಕಳೆದುಕೊಳ್ಳುವುದು, ತಾನು ತಯಾರಿಸಿದ್ದನ್ನು ಮಾರುಕಟ್ಟೆ ದರಕ್ಕೆ ಮಾರುವ ಹಕ್ಕು ಕಳೆದುಕೊಳ್ಳುವುದು, ಇವೆಲ್ಲ ಅದರಲ್ಲಿವೆ. ಅಂಥ ಸಾಲ ತೀರಿಸುವ ಹೊಣೆಯನ್ನೂ ಕಾಯ್ದೆ ಅಳಿಸಿಹಾಕಿತು. 1984ರಲ್ಲಿ ಹರಿಯಾಣದ ಕಲ್ಲುಗಣಿಗಳ ಬಗ್ಗೆ ಬಂಧುವಾ ಮುಕ್ತಿ ಮೋರ್ಚಾ ತಂದ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡಲ್ಲಿ ಅದರ ಹಿಂದೆ ಮುಂಗಡ ಇದೆಯೆಂದೇ ಮೊದಲು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೆಂಪು ಗ್ರಾನೈಟಿನ ಊರಾದ ಇಳಕಲ್ಲಿಗೆ ಈ ತೀರ್ಪು ನೇಯ್ಗೆಯಷ್ಟೇ ಹತ್ತಿರದ್ದು.

ಮಾಲೀಕರ ಕಷ್ಟವನ್ನೂ ಹೇಳಬೇಕು. ಕಬ್ಬಿನ ಹಂಗಾಮಿಗೆ ಮುಂಚೆ ಟ್ರ್ಯಾಕ್ಟರ್ ಮಾಲೀಕರು ಗ್ಯಾಂಗಿನ ಮುಕಾದಮನಿಗೆ ಲಕ್ಷಗಟ್ಟಲೆ ಕೊಡುತ್ತಾರೆ. ಗ್ಯಾಂಗು ಬಾರದಿದ್ದರೆ ಕೊಟ್ಟವರೇ ಮುಳುಗುತ್ತಾರೆ. ಮಗ್ಗದ ಮಾಲೀಕರಲ್ಲೂ ಹಲವರು ನೂಲನ್ನು ಉದ್ರಿ ತಂದು ನಡೆಸುವವರು. ಅವರ ಹಣ ಮರಳಬೇಕು, ನಿಜ. ಜೀತದ ಸಾಲವಲ್ಲದ ಹಣದ ವಸೂಲಿಗೆ ಸಿವಿಲ್ ದಾವೆ ಇದೆ. ಮನುಷ್ಯನನ್ನು ಒತ್ತೆ ಹಿಡಿಯುವುದು ವಸೂಲಿಯ ದಾರಿಯಲ್ಲ.

ಹೊಸ ತಲೆಮಾರಿನ ಮುಂಗಡಕ್ಕೆ ಬಾಂಡ್ ಎಂದು ಹೆಸರು. 1963ರಲ್ಲಿ ಶುರುವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆಗಳಲ್ಲಿ ಓದಿ ಬೆಂಗಳೂರಿಗೆ ಹೋಗುವ ನೇಕಾರರ, ಒಕ್ಕಲಿಗರ ಮಕ್ಕಳು ಮೊದಲ ಕೆಲಸದ ದಿನವೇ ಇಂಥ ಕಾಗದ ಕಾಣಬಹುದು: ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಲಕ್ಷ ಕಟ್ಟು. ಇದಕ್ಕೆ ಈಚಿನ ಉತ್ತರ ಬಂದದ್ದು ಕರ್ನಾಟಕದ ಪ್ರಕರಣದಿಂದಲೇ. ಮಂಗಳೂರಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ರಾಜೀನಾಮೆ ಕೊಟ್ಟು, ಕರಾರಿನಂತೆ 2 ಲಕ್ಷ ರೂಪಾಯಿ ಕಟ್ಟಿ, ಆಮೇಲೆ ಆ ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟು ಅವರ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪಿತ್ತಿತು: ಇದು ಸೇವೆಯ ಅವಧಿಯ ಷರತ್ತು, ಬೇರೆಡೆ ದುಡಿಯದಂತೆ ತಡೆಯುವುದಲ್ಲ, ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿಯ ಖರ್ಚು ಬೀಳುತ್ತದೆ.

ಆ ತೀರ್ಪು ಹಿರಿಯ ಹುದ್ದೆಯ, ಒಳ್ಳೆಯ ಸಂಬಳದ ಅಧಿಕಾರಿಯ ಮಟ್ಟಿಗೆ ನ್ಯಾಯವಾದದ್ದು ಎಂದೇ ನನಗೆ ಕಾಣುತ್ತದೆ. ಅದನ್ನು ಹಿಡಿದು, ತರಬೇತಿಯನ್ನೇ ಕೊಡದ ಸಣ್ಣ ಕಂಪನಿಯೊಂದು ಹೊಸ ಹುಡುಗಿಯ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಂಡರೆ ಅದು ತೀರ್ಪಿನ ದುರ್ಬಳಕೆ. ಕರಾರು ಕಾಯ್ದೆಯ 74ನೆಯ ಕಲಂ ಬರೆದಿಟ್ಟ ಮೊತ್ತವನ್ನು ಮಿತಿಯಾಗಿ ಮಾತ್ರ ನೋಡುತ್ತದೆ. ಸಿಗುವುದು ಸಮಂಜಸ ಪರಿಹಾರ ಅಷ್ಟೇ.

ಮೇಲ್ಮಟ್ಟದಲ್ಲಿ ಈ ಜಗಳಗಳು ಹೇಗೋ ಬಗೆಹರಿಯುತ್ತವೆ. ವಿಪ್ರೊ 2023ರಲ್ಲಿ ತನ್ನ ಮಾಜಿ ಹಣಕಾಸು ಮುಖ್ಯಸ್ಥರ ಮೇಲೆ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ 25 ಕೋಟಿ ರೂಪಾಯಿಗೂ ಹೆಚ್ಚಿನ ದಾವೆ ಹೂಡಿತು, ಮರುವರ್ಷ ರಾಜಿಯಾಯಿತು. ಅವರಿಗೆ ವಕೀಲರಿದ್ದರು.

ಕುಣಿಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸಿಗೂ ವಕೀಲರು ಸಿಗುತ್ತಾರೆ ಎಂಬುದು ಆಕೆಗೆ ಗೊತ್ತಾಗಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಬಿಟ್ಟಿ ದುಡಿಮೆಗೆ ಸಿಕ್ಕವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಉಂಟು. ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಈ ಲೇಖನ ಓದಿದವರು ಆ ಸಂಖ್ಯೆಯನ್ನು ತಮಗೆ ಗೊತ್ತಿರುವ ಒಂದು ಮಗ್ಗದ ಮನೆಯ ಗೋಡೆಯ ಮೇಲೆ ಬರೆದು ಬನ್ನಿ.