ಬಂಡಾಯ: ನರಗುಂದದ ಮಾತು, ಕನ್ನಡದ ಕಾವ್ಯ

ಬಂಡಾಯ ಎಂಬ ಮಾತಿಗೆ ನರಗುಂದ, ರೋಣ, ಗಜೇಂದ್ರಗಡದ ಎರೆಸೀಮೆಯಲ್ಲಿ ಹಳೆಯ ಬಳಕೆಯಿದೆ. ಸಾಹಿತ್ಯ ಚಳವಳಿಯ ಹೆಸರಾಗುವುದಕ್ಕೆ ನೂರಿಪ್ಪತ್ತು ವರ್ಷ ಮೊದಲೇ ಅಲ್ಲೊಂದು ಬಂಡಾಯ ನಡೆದಿತ್ತು. ನರಗುಂದದ ಅರಸ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ದತ್ತು ಪಡೆಯಲು ಬ್ರಿಟಿಷರ ಒಪ್ಪಿಗೆ ಸಿಗದೆ 1858ರ ಮೇ ತಿಂಗಳಲ್ಲಿ ತಿರುಗಿಬಿದ್ದ. ಬ್ರಿಟಿಷರ ರಾಜಕೀಯ ಪ್ರತಿನಿಧಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ದಿನಗಳಲ್ಲಿ ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದ.

ಈ ಭಾಗದಲ್ಲಿ ಇಂಥ ಸಂಗತಿಗಳನ್ನು ಜನ ನೆನಪಿಟ್ಟದ್ದು ಹಾಡಿನಲ್ಲಿ. 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಶಾಸನತಜ್ಞ ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಸಂಗ್ರಹಿಸಿ ಅಚ್ಚು ಮಾಡಿಸಿದ. ಬಂಡೆದ್ದವರನ್ನು ಹೊಗಳುವ ಹಾಡು ಆಳುವವರ ಅಧಿಕಾರಿಯ ಕೈಯಿಂದಲೇ ಅಚ್ಚಿಗೆ ಬಂತು. ಶಿವಶರಣೆ ಭೀಮಾಂಬಿಕೆಯ ಇಟಗಿಯಂಥ ಊರುಗಳಿರುವ ಈ ಸೀಮೆಗೆ ತತ್ವಪದ, ಭಜನೆ, ಗೀಗೀ ಪದಗಳೂ ಹೊಸವಲ್ಲ. ಕವಿತೆಯೆಂದರೆ ಬಾಯಲ್ಲಿ ಹಾಡಿ ಕಿವಿಯಲ್ಲಿ ಕೇಳುವಂಥದ್ದು ಎಂಬ ತಿಳಿವಳಿಕೆ ಇಲ್ಲಿ ಯಾವತ್ತೂ ಕಡಿದುಹೋಗಿರಲಿಲ್ಲ.

ಅಚ್ಚಿನ ಕಾವ್ಯ ಮಾತ್ರ ಆ ತಿಳಿವಳಿಕೆಯಿಂದ ದೂರ ಸರಿದಿತ್ತು, ಕನ್ನಡದಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ. ಅಲ್ಲಿ ಅದನ್ನು ಮತ್ತೆ ದನಿಗೆ ತಂದವರ ಹಿನ್ನೆಲೆ ಇದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸಂಪತ್ತು ಬೆಳೆಯಿತು. ಒಂದೇ ಅಚ್ಚಿನ ಮನೆಗಳ ಬಡಾವಣೆ, ಕಾರು, ಟೆಲಿವಿಷನ್, ಭದ್ರವಾದ ನೌಕರಿ ಸುಖಜೀವನದ ಲಕ್ಷಣಗಳಾದವು. ಅದರ ಜೊತೆಗೇ ಭಯವೂ ಬೆಳೆಯಿತು. ಸೆನೆಟರ್ ಮೆಕಾರ್ಥಿಯ ಕಾಲದಲ್ಲಿ ಕಮ್ಯುನಿಸ್ಟ್ ಎಂಬ ಶಂಕೆಯೊಂದೇ ಕೆಲಸ ಕಳೆದುಕೊಳ್ಳಲು ಸಾಕಾಗುತ್ತಿತ್ತು. ಎಲ್ಲರಂತಿರುವುದೇ ದೇಶಭಕ್ತಿ ಎನಿಸಿತ್ತು. ಈ ಒಪ್ಪಿತ ಬದುಕಿಗೆ ಬೆನ್ನು ತಿರುಗಿಸಿದವರು ಬೀಟ್ ಲೇಖಕರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸುತ್ತ 1940ರ ದಶಕದಲ್ಲಿ ಅಲೆನ್ ಗಿನ್ಸ್‌ಬರ್ಗ್, ಜ್ಯಾಕ್ ಕೆರುವಾಕ್, ವಿಲಿಯಂ ಬರೋಸ್ ಜೊತೆಯಾದರು. ಬೀಟ್ ಎಂದರೆ ದಣಿದು ಸೋತವನು. ಕೆರುವಾಕ್ ಅದೇ ಮಾತಿನಲ್ಲಿ ಧನ್ಯತೆಯ ಅರ್ಥವನ್ನೂ ಕಂಡ.

1955ರ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಿಕ್ಸ್ ಗ್ಯಾಲರಿಯಲ್ಲಿ ಗಿನ್ಸ್‌ಬರ್ಗ್ ತನ್ನ 'ಹೌಲ್' ಕವಿತೆ ಓದಿದ. ಉಸಿರಿನಷ್ಟು ಉದ್ದದ ಸಾಲುಗಳು, ಜಾಝ್ ಸಂಗೀತದ ಲಯ, ಮುಚ್ಚುಮರೆಯಿಲ್ಲದ ಮಾತು. ಲಾರೆನ್ಸ್ ಫರ್ಲಿಂಗೆಟಿಯ ಸಿಟಿ ಲೈಟ್ಸ್ ಮರುವರ್ಷ ಅದನ್ನು ಪ್ರಕಟಿಸಿತು. ಅಶ್ಲೀಲವೆಂದು 1957ರಲ್ಲಿ ಮೊಕದ್ದಮೆ ಹೂಡಿದರೂ ನ್ಯಾಯಾಲಯ ಪುಸ್ತಕದ ಪರವಾಗಿ ತೀರ್ಪು ಕೊಟ್ಟಿತು. ಗಿನ್ಸ್‌ಬರ್ಗ್ 1962ರಲ್ಲಿ ಭಾರತಕ್ಕೆ ಬಂದು ಕಾಶಿ, ಕಲ್ಕತ್ತಗಳಲ್ಲಿ ತಿಂಗಳುಗಟ್ಟಲೆ ಇದ್ದ. ಅದಕ್ಕೂ ಮುಂಚೆ, 1961ರಲ್ಲೇ, ಬಂಗಾಳಿಯಲ್ಲಿ 'ಹಂಗ್ರಿ ಜನರೇಷನ್' ಹುಟ್ಟಿತ್ತು. ಅದರ ಕವಿಗಳೂ ಅಶ್ಲೀಲತೆಯ ಆರೋಪ ಹೊತ್ತು ಕಟಕಟೆ ಹತ್ತಿದರು.

ಕನ್ನಡದ ದಾರಿ ಬೇರೆಯಾಯಿತು. ಬೀಟ್ ಕವಿಗಳು ಜನರೆದುರು ಓದುತ್ತಿದ್ದ ಕಾಲಕ್ಕೆ ಇಲ್ಲಿ ಗೋಪಾಲಕೃಷ್ಣ ಅಡಿಗರ ನವ್ಯಕಾವ್ಯ ಏರುಹೊತ್ತಿನಲ್ಲಿತ್ತು. 'ಭೂಮಿಗೀತ' ಬಂದದ್ದು 1959ರಲ್ಲಿ. ನವ್ಯರೂ ಒಪ್ಪಿತ ಮೌಲ್ಯಗಳನ್ನು ಧಿಕ್ಕರಿಸಿದರು. ಆದರೆ ಅವರು ಹೆಚ್ಚಾಗಿ ನೋಡಿದ್ದು ಎಲಿಯಟ್‌ನ ಕಡೆಗೆ. ಅವರ ಸಿಟ್ಟು ಒಳಮುಖವಾಗಿತ್ತು. ಅದು ಪುಟದ ಮೇಲೆ, ಏಕಾಂತದಲ್ಲಿ ಓದಿ ಬಿಡಿಸಿಕೊಳ್ಳಬೇಕಾದ ಸಿಟ್ಟು. ಭಾಷೆಯನ್ನು ಅದು ಬಿಗಿಗೊಳಿಸಿದ ರೀತಿ ದೊಡ್ಡದು. ಕೇಳುಗರನ್ನು ಕಳೆದುಕೊಂಡದ್ದೂ ಅಷ್ಟೇ ನಿಜ.

ನವ್ಯದಿಂದ ಬಂಡಾಯದತ್ತ ಆದ ತಿರುವಿನ ಒಂದು ಎಳೆ ಧಾರವಾಡದಲ್ಲಿದೆ. 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಸೇರಿ 'ಸಂಕ್ರಮಣ' ಪತ್ರಿಕೆ ಆರಂಭಿಸಿದರು. ಮೂವರೂ 1939ರಲ್ಲಿ ಹುಟ್ಟಿದವರು, ಉತ್ತರ ಕರ್ನಾಟಕದ ಹಳ್ಳಿಗಳವರು. ಗಿರಡ್ಡಿಯವರ ಊರು ರೋಣ ತಾಲ್ಲೂಕಿನ ಅಬ್ಬಿಗೇರಿ. ಅವರ ಕವನ ಸಂಕಲನವೊಂದು ಹಾಲಿವುಡ್ ತಾರೆ ಮರ್ಲಿನ್ ಮನ್ರೋ ಹೆಸರನ್ನೇ ಹೊತ್ತಿದೆ. ಮಿನುಗುವ ಅಮೆರಿಕದ ಒಳಗಿನ ದುರಂತ ರೋಣದ ಎರೆಹೊಲದಿಂದ ಬಂದ ಕವಿಯನ್ನೂ ಮುಟ್ಟಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಮುಂದೆ ಅವರು ವಿಮರ್ಶೆ, ಸಣ್ಣಕತೆಗಳಲ್ಲಿ ನೆಲೆಗೊಂಡರು. ಚಂಪಾ ಎಂದೇ ಹೆಸರಾದ ಪಾಟೀಲರು ಆಡುಮಾತಿನ ವ್ಯಂಗ್ಯವನ್ನು ಆಯುಧ ಮಾಡಿಕೊಂಡು ತುರ್ತುಪರಿಸ್ಥಿತಿಯಲ್ಲಿ ಜೈಲಿಗೂ ಹೋದರು. ನವ್ಯದ ಪತ್ರಿಕೆಯಾಗಿ ಹುಟ್ಟಿದ 'ಸಂಕ್ರಮಣ' ಬಂಡಾಯದ ವೇದಿಕೆಯಾಗಿ ಬೆಳೆಯಿತು.

ಇನ್ನೊಂದು ಎಳೆ ಹೆಚ್ಚು ಬಲವಾದದ್ದು, ಅದು ದಲಿತರದು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿ ಮಂತ್ರಿಸ್ಥಾನ ಬಿಡಬೇಕಾಯಿತು. ಆ ಗಲಭೆಯಲ್ಲಿ ಏಟು ತಿಂದವರು ದಲಿತ ವಿದ್ಯಾರ್ಥಿಗಳು. ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಅದರ ಬೆನ್ನಿಗೇ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಪುಸ್ತಕದ ಹೆಸರಿನಲ್ಲೇ ಹಾಡು ಎಂದಿರುವುದನ್ನು ಗಮನಿಸಬೇಕು. ಅವರ ಪದ್ಯಗಳು ಮೆರವಣಿಗೆಗಳಲ್ಲಿ, ಹಟ್ಟಿಗಳಲ್ಲಿ, ಓದುಬರಹ ಬಾರದವರ ಬಾಯಲ್ಲಿ ಹರಡಿದವು. ಬೀಟ್ ಕವಿಗಳು ಜಾಝ್ ಕ್ಲಬ್ಬಿನಲ್ಲಿ ಹುಡುಕಿದ ಕೇಳುಗರು ಕನ್ನಡ ಕವಿತೆಗೆ ತಮಟೆಯ ಜೊತೆಗೆ ಮರಳಿ ಬಂದರು.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಬೇಕೆಂದು ಚೆನ್ನಣ್ಣ ವಾಲೀಕಾರ ಕೇಳಿದರು. ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಆ ಮಾರ್ಚ್ ತಿಂಗಳಲ್ಲೇ ಬೆಂಗಳೂರಿನಲ್ಲಿ ಪರ್ಯಾಯ ಸಮಾವೇಶ ಸೇರಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬರಗೂರು ರಾಮಚಂದ್ರಪ್ಪ ಅದರ ಮುಂಚೂಣಿಯಲ್ಲಿದ್ದರು. ಕಾವ್ಯ ಆಯುಧವೂ ಆಗಬೇಕು, ನೋವಿನ ಜೊತೆಗಾರನೂ ಆಗಬೇಕು ಎಂಬ ಅರ್ಥದ ಘೋಷವಾಕ್ಯ ಡಿ. ಆರ್. ನಾಗರಾಜರದು. ಧರ್ಮಸ್ಥಳದ ಸಮ್ಮೇಳನದ ಅಧ್ಯಕ್ಷರು ಅಡಿಗರೇ ಆಗಿದ್ದರು. ಒಂದು ಕಾಲದ ಬಂಡಾಯಗಾರ ಮುಂದಿನ ತಲೆಮಾರಿನ ಕಣ್ಣಿಗೆ ವ್ಯವಸ್ಥೆಯ ಭಾಗವಾಗಿ ಕಂಡ ಗಳಿಗೆ ಅದು.

ಮರುವರ್ಷ ಬಂಡಾಯ ಎಂಬ ಹೆಸರು ತನ್ನ ಹಳೆಯ ಊರಿಗೆ ಮರಳಿತು. ಮಲಪ್ರಭೆಯ ಕಾಲುವೆಯ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಕೇಳತೊಡಗಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರಾಜ್ಯ ರೈತ ಸಂಘ ಕಟ್ಟಿಕೊಂಡದ್ದು ಅದೇ ವರ್ಷ. ದಲಿತ ಸಂಘರ್ಷ ಸಮಿತಿ, ರೈತ ಸಂಘ, ಬಂಡಾಯ ಸಂಘಟನೆ ಮೂರೂ ಒಂದರ ಸಭೆಯ ಹಾಡನ್ನು ಇನ್ನೊಂದು ಹಾಡಿದ ದಶಕ ಅದು.

ಬೀಟ್ ಕಾವ್ಯಕ್ಕೂ ಬಂಡಾಯ ಕಾವ್ಯಕ್ಕೂ ನೇರ ನಂಟಿಲ್ಲ. ಅಮೆರಿಕದ ಕವಿ ಹೊಟ್ಟೆ ತುಂಬಿದ ಸಮಾಜದ ಏಕತಾನತೆಯಿಂದ ತಪ್ಪಿಸಿಕೊಂಡು ರಸ್ತೆ ಹಿಡಿದ. ಕನ್ನಡದ ಕವಿಗೆ ಎದುರಾದದ್ದು ಹಸಿವು ಮತ್ತು ಜಾತಿ. ಅವುಗಳಿಂದ ಒಬ್ಬೊಬ್ಬರಾಗಿ ಓಡಿಹೋಗಲು ರಸ್ತೆಯಿರಲಿಲ್ಲ, ಆದ್ದರಿಂದ ಇಲ್ಲಿನ ಕವಿತೆ 'ನಾನು' ಬಿಟ್ಟು 'ನಾವು' ಎಂದಿತು. ಘೋಷಣೆಯ ಸದ್ದಿನಲ್ಲಿ ಎಷ್ಟೋ ದುರ್ಬಲ ಪದ್ಯಗಳೂ ಬಂದವು. ಆದರೂ ಕೇಳುವ ಕಿವಿಯನ್ನು ಕಾವ್ಯಕ್ಕೆ ತಂದುಕೊಟ್ಟ ಕೆಲಸವನ್ನು ನವ್ಯ ಮಾಡಲಿಲ್ಲ, ಬಂಡಾಯ ಮಾಡಿತು.

ನರಗುಂದದಲ್ಲಿ ಇಂದಿಗೂ ಪ್ರತಿವರ್ಷ ಜುಲೈ 21ರಂದು ರೈತರು ಹುತಾತ್ಮರ ಸ್ಮಾರಕದ ಬಳಿ ಸೇರುತ್ತಾರೆ. ಮಹದಾಯಿ ನೀರಿಗಾಗಿ 2015ರಲ್ಲಿ ಧರಣಿ ಶುರುವಾದದ್ದೂ ಇದೇ ಊರಿನಲ್ಲಿ, ಜುಲೈ ತಿಂಗಳಿನಲ್ಲಿ.