ವಸಿ ಸುಧಾರಿಸ್ಕಳಿ

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ತಿಪಟೂರು ಸೀಮೆಯಲ್ಲಿ ಒಂದು ಮಾತಿಗೆ ಕೆಲಸ ಹೆಚ್ಚುತ್ತದೆ: ‘ವಸಿ ಸುಧಾರಿಸ್ಕಳಿ’. ಧರ್ಮಸ್ಥಳಕ್ಕೆ ನಡೆದು ಹೊರಟವರಿಗೆ ರಸ್ತೆಯುದ್ದಕ್ಕೂ ಕಿವಿಗೆ ಬೀಳುವ ಮಾತಿದು. ಮಜ್ಜಿಗೆ ಲೋಟ ಕೈಗಿಡುವವರೂ ಕಲ್ಲಂಗಡಿ ಹೆಚ್ಚಿ ಕೊಡುವವರೂ ಇದನ್ನೇ ಹೇಳುತ್ತಾರೆ.

ಸರ್ಕಾರಿ ಕಾಗದದಲ್ಲಿ ಸುಧಾರಿಸುವುದೆಂದರೆ ತಿದ್ದುವುದು, ಮೇಲೆತ್ತುವುದು. 1961ರ ಭೂ ಸುಧಾರಣಾ ಕಾಯ್ದೆ, ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿಯಿಂದ ಬಲ ಪಡೆದು, ಎಷ್ಟೋ ಗೇಣಿದಾರರನ್ನು ಹೊಲದ ಒಡೆಯರನ್ನಾಗಿ ಮಾಡಿತು. ಅದು ದೊಡ್ಡ ಕೆಲಸ, ಪದಕ್ಕೂ ಗೌರವ. ಆದರೆ ನನಗೆ ಹೆಚ್ಚು ಪ್ರೀತಿ ಜಗಲಿಯ ಮೇಲಿನ ಸುಧಾರಿಸುವಿಕೆಯ ಮೇಲೆ. ಹತ್ತು ಜನಕ್ಕೆ ಕಾಯಿಸಿದ ಸಾರನ್ನು ಹದಿನೈದು ಜನಕ್ಕೆ ಸುಧಾರಿಸುತ್ತಾರೆ. ರಚ್ಚೆ ಹಿಡಿದ ಮಗುವನ್ನು ಸುಧಾರಿಸುತ್ತಾರೆ. ಜ್ವರ ಬಿಟ್ಟು ಎದ್ದು ಕೂತವರು ಸುಧಾರಿಸಿದರು ಅನ್ನುತ್ತೇವೆ. ಸಾವಾದ ಮನೆಗೆ ಹೋದಾಗಲೂ ಬೇರೆ ಮಾತು ಹೊಳೆಯದೆ ‘ಸುಧಾರಿಸ್ಕಳಿ’ ಅಂದು ಬರುತ್ತೇವೆ. ಏದುಸಿರು ಬಿಡುತ್ತ ಬಂದವರಿಗೂ ಅದೇ. ಹೇಗೋ ನಿಭಾಯಿಸುವುದು, ದಣಿವಾರಿಸಿಕೊಳ್ಳುವುದು, ವಾಸಿಯಾಗುವುದು, ಮೂರಕ್ಕೂ ಒಂದೇ ಪದ.

ಬಿಳಿಗೆರೆಯಲ್ಲಿರುವ ನನ್ನ ದೊಡ್ಡಮ್ಮನಿಗೆ ಈ ಮೂರೂ ಬೇಕು. ಬಾಗಿ ಕಾಯಿ ಆಯ್ದು, ಸೋಗೆ ಎಳೆದು, ಕೊಬ್ಬರಿ ಮೂಟೆಗೆ ಕೈಕೊಟ್ಟು ಸವೆದ ಸೊಂಟ ಅವರದು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ್ದು ಎಂದು ಲೆಕ್ಕ ಹಿಡಿಯುತ್ತಾರೆ. ಇವರದು ವರ್ಷಗಳನ್ನೇ ಮೀರಿದೆ. ಆದರೂ ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತಾಗಿದೆ, ನಡೆದೇ ಬರುತ್ತೇನೆಂದು. ಅರಸೀಕೆರೆ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಇಳಿದು ಉಜಿರೆ ಮುಟ್ಟಬೇಕು. 150 ಕಿಲೋಮೀಟರಿಗೂ ಮೇಲಿನ ದಾರಿ.

ದೀಪಾವಳಿ ಕಳೆದ ಮೇಲೆ ಅವರು ಬಿಸಿಲೇರುವ ಮುಂಚೆ ತೆಂಗಿನ ತೋಟದಲ್ಲಿ ನಡೆಯಲು ಶುರುಮಾಡಿದರು. ಮೊದಮೊದಲು ನೋವು ತಡೆದು ನಿಲ್ಲಿಸುವವರೆಗೂ ನಡೆಯುತ್ತಿದ್ದರು, ಆಮೇಲೆ ಎರಡು ದಿನ ಹಾಸಿಗೆ. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಬೇರೆ: ನೋವು ಹೇಳಿದಾಗ ಕೂರಬೇಡಿ, ಅದಕ್ಕೆ ಮುಂಚೆ, ಲೆಕ್ಕಕ್ಕೆ ಸರಿಯಾಗಿ ಕೂರಿ. ದೊಡ್ಡಮ್ಮ ಗಡಿಯಾರ ನೋಡುವವರಲ್ಲ, ಮರ ಎಣಿಸಿದರು. ನಮ್ಮಲ್ಲಿ ಮರದಿಂದ ಮರಕ್ಕೆ ಮೂವತ್ತು ಅಡಿ. ಇಪ್ಪತ್ತು ಮರ ನಡೆದು, ನೋವಿರಲಿ ಬಿಡಲಿ, ಕಡಿದ ಬೊಡ್ಡೆಯ ಮೇಲೆ ಕೂರುವುದು. ಕೂತಾಗ ಸೆರಗಿನ ತುದಿಯಲ್ಲೊಂದು ಗಂಟು. ‘ಇನ್ನೂ ನಾಲ್ಕು ಮರ ಹೋಗಬೌದಲ್ಲ ದೊಡ್ಡಮ್ಮ, ನೋವಿಲ್ವಲ್ಲ’ ಅಂದೆ. ‘ನೋವಿಲ್ಲ ಅಂತ್ಲೇ ಕೂತಿರಾದು. ಇರಪ್ಪ, ವಸಿ ಸುಧಾರಿಸ್ಕತೀನಿ’ ಅಂದರು. ವಾರಕ್ಕೆ ಎರಡು ಮರ ಏರಿಸುತ್ತಾರೆ, ಮೂರಲ್ಲ.

ದಣಿದ ಮೇಲೆ ಸುಧಾರಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ದಣಿಯುವ ಮುಂಚೆ ಸುಧಾರಿಸಿಕೊಳ್ಳುವುದು ಕಲಿಯಬೇಕಾದ ವಿದ್ಯೆ. ಗುಂಪಿನಲ್ಲಿ ನಡೆಯುವಾಗ ಇದು ಇನ್ನೂ ಕಷ್ಟ. ಮುಂದೆ ಹೋದವರ ಬೆನ್ನು ಕಾಣುತ್ತಿರುತ್ತದೆ, ಹಿಂದೆ ಉಳಿದೆನಲ್ಲ ಎಂದು ಕಾಲು ತಾನೇ ಬೀಸಾಗುತ್ತದೆ. ಆಗ ಕೈ ಹೋಗುವುದು ನೋವಿನ ಮಾತ್ರೆಗೆ. ಬಿಸಿಲಲ್ಲಿ ಬೆವರು ಹರಿದು, ನೀರು ಸಾಲದೆ, ಖಾಲಿ ಹೊಟ್ಟೆಗೆ ಅದನ್ನು ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ವೈದ್ಯರನ್ನು ಕೇಳಿಯೇ ಚೀಲಕ್ಕೆ ಹಾಕಿಕೊಳ್ಳಬೇಕು. ಚಾರ್ಮಾಡಿಯಲ್ಲಂತೂ ಏರುವುದಿಲ್ಲ, ಬರೀ ಇಳಿಯುವುದು ಎಂದು ಹಗುರಾಗುವವರಿದ್ದಾರೆ. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಜಾರಿನಲ್ಲೇ. ದೊಡ್ಡಮ್ಮ ಕೋಲು ಹಿಡಿದು ಕೆರೆ ಏರಿ ಇಳಿಯುವುದನ್ನೂ ಅಭ್ಯಾಸ ಮಾಡುತ್ತಿದ್ದಾರೆ.

‘ಹರಕೆ ಅಂದಮೇಲೆ ನೋಯದೆ ಇರ್ತದಾ, ಕೂತ್ಕಂಡು ಹೋದ್ರೆ ಪುಣ್ಯ ಬರ್ತದಾ’ ಎಂದು ಅವರಿಗೆ ಹೇಳಿದವರುಂಟು. ನನಗೆ ಸಂಕಟವಾಯಿತು. ದಿನಾ ನೋವಿನೊಳಗೇ ಎದ್ದು ನೋವಿನೊಳಗೇ ಮಲಗುವವರು ದೇವರಿಗೆ ಇನ್ನಷ್ಟು ನೋವು ಸಲ್ಲಿಸಬೇಕೆ? ಅವರು ಒಪ್ಪಿಕೊಂಡದ್ದು ನಡಿಗೆಯನ್ನು. ನಮ್ಮ ಹಿಂದಿನವರು ಕೂರುವುದನ್ನು ಕೊರತೆ ಎಂದು ಕಂಡಿರಲಿಲ್ಲ. ದಾರಿಗೆ ಅರವಟ್ಟಿಗೆ ಇಟ್ಟರು, ಅರಳಿಕಟ್ಟೆ ಕಟ್ಟಿದರು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಅಡ್ಡ ಹಾಕಿದ ಹೊರೆಗಲ್ಲುಗಳು ಹಳೆಯ ದಾರಿಗಳಲ್ಲಿ ಇನ್ನೂ ಅಲ್ಲಲ್ಲಿ ಕಾಣುತ್ತವೆ. ಅವುಗಳ ಎತ್ತರ ಗಮನಿಸಿ: ತಲೆಹೊರೆಯವರು ಯಾರನ್ನೂ ಕರೆಯದೆ ಹೊರೆ ಇಳಿಸಿ, ಮತ್ತೆ ತಾವೇ ಎತ್ತಿಕೊಳ್ಳುವಷ್ಟು.

ಈಗಿನ ಪೆಂಡಾಲುಗಳಲ್ಲಿ ಊಟ, ನೀರು, ಕಾಲಿಗೆ ಎಣ್ಣೆ ಎಲ್ಲ ಧಾರಾಳ. ಆದರೆ ಕೂರಲು ಹೆಚ್ಚಾಗಿ ನೆಲದ ಮೇಲೆ ಹಾಸಿದ ಜಮಖಾನ. ಮಂಡಿ, ಸೊಂಟ ಹಿಡಿದವರು ಅಲ್ಲಿ ಕೂತರೆ ಏಳಲು ಇಬ್ಬರ ಕೈ ಬೇಕು. ಆ ಮುಜುಗರಕ್ಕೆ ಅಂಜಿ ನಿಂತೇ ಮಜ್ಜಿಗೆ ಕುಡಿದು ಮುಂದೆ ಹೋಗುತ್ತಾರೆ. ಈ ಸಲ ಪೆಂಡಾಲು ಹಾಕುವವರು ಒಂದು ಮೂಲೆಗೆ ಹತ್ತು ಕುರ್ಚಿ, ಒಂದೆರಡು ಬೆಂಚು ಹಾಕಿಸಿ. ಕೈಹಿಡಿ ಇರುವ ಕುರ್ಚಿಯಾದರೆ ಊರಿಕೊಂಡು ಏಳುವುದು ಸುಲಭ.